ಹಳೆಯ ಪದಕಗಳ ಪರೀಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಯಾವುದೋ ಹಳೆಯ ಮನೆಯ ಪೆಟ್ಟಿಗೆಯೊಳಗೆ ಒಂದು ಬೆಳ್ಳಿಯ ಬಿಲ್ಲೆ ದೊರೆಯಿತೆಂದು ಭಾವಿಸೋಣ. ಅದರ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದರಲ್ಲಿ ಕುದುರೆಯೇರಿದ ಪುರುಷ, 1914 ಮತ್ತು 1918 ಎಂಬ ಇಸವಿಗಳು. ಪತ್ತಾರನ ಬಳಿಗೆ ಒಯ್ದರೆ ಅವನು ತಕ್ಕಡಿಗೆ ಹಾಕಿ ಬೆಳ್ಳಿಯ ಬೆಲೆ ಹೇಳುವನು. ಅವನು ನೋಡದೆ ಬಿಡುವ ಅಂಚನ್ನೇ ನಾವು ಮೊದಲು ನೋಡಬೇಕು.

ಇದು ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಪದಕ. ಅಡ್ಡಳತೆ 36 ಮಿಲಿಮೀಟರು. ಇದರ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ನು ಇವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಲ್ಪಟ್ಟಿರುತ್ತವೆ. ಹೆಸರಿನ ಕಾಗುಣಿತ ವಿಚಿತ್ರವಾಗಿರುವುದುಂಟು. ಗಟ್ಟಿಯಾಗಿ ಓದಿದರೆ ನಮ್ಮವರ ಹೆಸರು ಕಿವಿಗೆ ಸಿಕ್ಕೀತು. ಬೆಳಗಾವಿಯು ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ. ಮೆಸೊಪೊಟೇಮಿಯದ ಕೂಟ್ ನಗರದಲ್ಲಿ ಮುತ್ತಿಗೆಗೆ ಸಿಲುಕಿ, 1916ರ ಏಪ್ರಿಲ್ 29ರಂದು ಸೆರೆಯಾದ ಸೇನೆಯಲ್ಲಿ 103, 110, 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಅಂಚಿನಲ್ಲಿ ಈ ಸಂಖ್ಯೆಗಳಲ್ಲೊಂದು ಕಂಡರೆ, ಆ ಮನೆಯ ಹಿರಿಯನೊಬ್ಬನ ಜೀವನದ ದಾರಿ ತೆರೆದಂತಾಯಿತು.

ಎಲ್ಲ ದೇಶಗಳ ಪದಕಗಳಲ್ಲಿಯೂ ಈ ಸೌಕರ್ಯವಿಲ್ಲ. ರಶಿಯದ ಚಕ್ರವರ್ತಿಗಳ ಕಾಲದ ಸ್ಮಾರಕ ಪದಕಗಳಿಗೆ ಜಗತ್ತಿನಾದ್ಯಂತ ಸಂಗ್ರಾಹಕರುಂಟು. ರೊಮಾನೊವ್ ವಂಶದ ಆಳ್ವಿಕೆಗೆ 300 ವರ್ಷ ತುಂಬಿದ ನೆನಪಿಗೆ 1913ರಲ್ಲಿ ಹೊರಟ ಪದಕವನ್ನು ಲಕ್ಷಗಟ್ಟಲೆ ಹೊಡೆದರು. ಪಡೆದವನ ಹೆಸರು ಅದರಲ್ಲಿ ಇಲ್ಲ. ಮೇಲಾಗಿ ಸೇಂಟ್ ಪೀಟರ್ಸ್‌ಬರ್ಗಿನ ಟಂಕಸಾಲೆಯೇ ಹಳೆಯ ಪದಕಗಳನ್ನು ಹೊಸ ಅಚ್ಚುಗಳಿಂದ ಮತ್ತೆ ಹೊಡೆದುಕೊಡುತ್ತಿತ್ತು. ಇಂಥವಕ್ಕೆ 'ನೊವೊದೆಲ್' ಎಂದು ಹೆಸರು. ಸರಕಾರಿ ಟಂಕಸಾಲೆಯದೇ ಆದುದನ್ನು ನಕಲಿ ಎನ್ನುವುದು ಹೇಗೆ! ಸೈನಿಕರ ಸೇಂಟ್ ಜಾರ್ಜ್ ಶಿಲುಬೆಗಾದರೋ ಕ್ರಮಸಂಖ್ಯೆ ಇರುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಕೆಲವರು ಭಾರತೀಯ ಸೈನಿಕರಿಗೂ ಆ ಶಿಲುಬೆ ಸಂದಿತ್ತು.

ಇನ್ನು ಪರೀಕ್ಷೆಯ ಮಾತು. ನಿಜವಾದ ಪದಕವು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ಮಾಡಿದುದು. ಅದರಿಂದ ಪಡಿಯಚ್ಚು ತೆಗೆದು ಎರಕ ಹೊಯ್ದರೆ, ಲೋಹವು ಆರುವಾಗ ಕುಗ್ಗಿ ನಕಲು ತುಸು ಕಿರಿದಾಗುತ್ತದೆ. ಭೂತಗನ್ನಡಿಯಲ್ಲಿ ಗಾಳಿಗುಳ್ಳೆಗಳ ಗುಳಿಗಳು ಕಾಣುತ್ತವೆ. ಬೆಳ್ಳಿಯ ಶುದ್ಧಿಗೆ ಆರ್ಕಿಮಿಡೀಸನ ಉಪಾಯವೇ ಸಾಕು. ರಿಬ್ಬನ್ನು ತೆಗೆದು ಪದಕವನ್ನು ತೂಗಿ, ಬಳಿಕ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿ 31 ಗ್ರಾಂ, ನೀರಿನಲ್ಲಿ 28 ಗ್ರಾಂ ಬಂದರೆ ವ್ಯತ್ಯಾಸ 3. 31ನ್ನು 3ರಿಂದ ಭಾಗಿಸಿದರೆ ಸುಮಾರು 10.3. ನೂರರಲ್ಲಿ 92.5 ಪಾಲು ಬೆಳ್ಳಿಯುಳ್ಳ ಲೋಹದ ವಿಶಿಷ್ಟ ಗುರುತ್ವವು ಹೆಚ್ಚುಕಡಿಮೆ ಇಷ್ಟೇ. ಜರ್ಮನ್ ಬೆಳ್ಳಿಯದು 9ಕ್ಕಿಂತ ಕಡಿಮೆ. ಅಂಚಿನ ಹೆಸರನ್ನು ಅರದಿಂದ ಉಜ್ಜಿ ಬೇರೊಂದನ್ನು ಕೆತ್ತುವ ಕುಚೋದ್ಯವೂ ಉಂಟು; ಆಗ ಅಡ್ಡಳತೆ ಕೆಲವು ಕಡೆ ಕಡಿಮೆ ಬರುತ್ತದೆ.

ಹಬ್ಬಕ್ಕೆ ಪಾತ್ರೆ ಬೆಳಗುವಂತೆ ಪದಕವನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಬಾರದು. ಮೇಲಿನ ಕಪ್ಪು ಗಾಳಿಯ ಗಂಧಕದಿಂದಾದ ತೆಳುಪೊರೆ ಅಷ್ಟೇ. ತಿಕ್ಕಿದರೆ ಅದರೊಡನೆ ಅಕ್ಷರಗಳೂ ಸವೆಯುತ್ತವೆ.

1980ರ ಸುಮಾರಿಗೆ ಬೆಳ್ಳಿಯ ಬೆಲೆ ಏಕಾಏಕಿ ಏರಿದಾಗ ಇಂಥ ಪದಕಗಳು ಅಸಂಖ್ಯವಾಗಿ ಮೂಸೆ ಸೇರಿದವು. ಬೆಳ್ಳಿಯ ಪದಕಗಳು ಸುಮಾರು 65 ಲಕ್ಷ ಹೊರಟಿದ್ದವು. ಭಾರತೀಯರೂ ಇದ್ದ ಕೂಲಿಪಡೆಗಳಿಗೆ ಕೊಟ್ಟ ಕಂಚಿನವು ಒಂದು ಲಕ್ಷ ಹತ್ತು ಸಾವಿರದಷ್ಟು ಮಾತ್ರ. ಪತ್ತಾರನು ಬೇಡವೆನ್ನುವ ಇವೇ ಹೆಚ್ಚು ವಿರಳ. ನೂರು ವರ್ಷ ದಾಟಿದ ಪದಕಗಳನ್ನು 1972ರ ಪ್ರಾಚ್ಯವಸ್ತು ಕಾಯಿದೆಯ ಮೇರೆಗೆ ಖಾಸಗಿ ಜನರು ವಿದೇಶಕ್ಕೆ ಸಾಗಿಸುವಂತಿಲ್ಲ. ಮಾರುವುದೇ ಅನಿವಾರ್ಯವಾದರೂ ಅಂಚಿನ ಬರಹವನ್ನು, ತಪ್ಪು ಕಾಗುಣಿತವನ್ನು ತಿದ್ದದೆ, ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.