ಗೋಲುಗಳ ದಾಖಲೆಯನ್ನು ಅಳೆಯುವುದು ಹೇಗೆ?

ಅಥಣಿಯ ರೈತರೊಬ್ಬರು 200 ಟನ್ ಕಬ್ಬು ಬೆಳೆದರು, ರಾಯಬಾಗದ ಇನ್ನೊಬ್ಬರು 120 ಟನ್ ಬೆಳೆದರು ಎಂದುಕೊಳ್ಳಿ. ಯಾರ ಬೇಸಾಯ ಮೇಲು? ನಿಮ್ಮೂರಿನ ಯಾರನ್ನು ಕೇಳಿದರೂ ಬರುವ ಮೊದಲ ಮರುಪ್ರಶ್ನೆ, 'ಎಷ್ಟು ಎಕರೆಯಲ್ಲಿ?' ಮೊದಲನೆಯವರದು 5 ಎಕರೆ, ಎರಡನೆಯವರದು 2 ಎಕರೆಯಾದರೆ ಇಳುವರಿ ಎಕರೆಗೆ ಕ್ರಮವಾಗಿ 40 ಮತ್ತು 60 ಟನ್. ಮುಂದಿನ ಪ್ರಶ್ನೆ, 'ಎಂಥ ಜಮೀನು?' ಕೃಷ್ಣೆಯ ದಂಡೆಯ ಜಮೀನನ್ನೂ ಕೊಳವೆಬಾವಿಯನ್ನೇ ನಂಬಿದ ಜಮೀನನ್ನೂ ನೇರವಾಗಿ ಹೋಲಿಸಲಾಗದು. ಆಟದ ದಾಖಲೆಗಳಿಗೂ ಇವೇ ಎರಡು ಪ್ರಶ್ನೆಗಳನ್ನು ಕೇಳಬೇಕು.

ಎರಡು ಚಿನ್ನದ ಪದಕಗಳು

1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ಹಾಕಿಯಲ್ಲಿ ಭಾರತ ಅಮೆರಿಕವನ್ನು 24-1ರಿಂದ ಸೋಲಿಸಿತು. ರೂಪ್ ಸಿಂಗ್ ಒಬ್ಬರೇ 10 ಗೋಲು ಹೊಡೆದರು. 1964ರ ಟೋಕಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ ಗೆದ್ದದ್ದು 1-0ರಿಂದ. ಆ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದರು. ಎರಡೂ ಸಲ ಬಂದದ್ದು ಚಿನ್ನವೇ. ಆದರೆ 1932ರಲ್ಲಿ ಸ್ಪರ್ಧಿಸಿದ್ದು ಮೂರೇ ತಂಡಗಳು. ಹೀಗಾಗಿ ಎದುರಾಳಿ ಯಾರೆಂದು ತಿಳಿಯದೆ ಗೋಲುಗಳ ಎಣಿಕೆಗೆ ಅರ್ಥವಿಲ್ಲ.

ಐಸ್ ಹಾಕಿಯ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡಲು ಐಸ್ ಹಾಕಿ ಒಳ್ಳೆಯ ಉದಾಹರಣೆ. ಆಟಗಾರರು ಹಿಮಗಡ್ಡೆಯ ಅಂಕಣದ ಮೇಲೆ ಜಾರುತ್ತಾ 'ಪಕ್' ಎಂಬ ರಬ್ಬರ್ ಬಿಲ್ಲೆಯನ್ನು ಗೋಲಿಗೆ ಹೊಡೆಯುವ ಆಟವಿದು. ಉತ್ತರ ಅಮೆರಿಕದ ವೃತ್ತಿಪರ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ವೇಯ್ನ್ ಗ್ರೆಟ್ಸ್ಕಿ 1,487 ಪಂದ್ಯಗಳಲ್ಲಿ 894 ಗೋಲು ಹೊಡೆದಿದ್ದರು. 2025ರ ಏಪ್ರಿಲ್ 6ರಂದು ಅಲೆಕ್ಸಾಂಡರ್ ಒವೆಚ್ಕಿನ್ 895ನೆಯ ಗೋಲು ಹೊಡೆದು ಆ ದಾಖಲೆ ಮುರಿದರು. ಅದು ಅವರ 1,487ನೆಯ ಪಂದ್ಯವೇ ಆಗಿತ್ತು!

ಈಗ ಇಬ್ಬರ ಅತ್ಯುತ್ತಮ ಋತುಗಳನ್ನು ಹೋಲಿಸೋಣ. 1981-82ರಲ್ಲಿ ಗ್ರೆಟ್ಸ್ಕಿ 80 ಪಂದ್ಯಗಳಲ್ಲಿ 92 ಗೋಲು ಹೊಡೆದರು, ಅಂದರೆ ಪಂದ್ಯಕ್ಕೆ 1.15. 2007-08ರಲ್ಲಿ ಒವೆಚ್ಕಿನ್ 82 ಪಂದ್ಯಗಳಲ್ಲಿ 65 ಗೋಲು ಹೊಡೆದರು, ಅಂದರೆ ಪಂದ್ಯಕ್ಕೆ 0.79. ಗ್ರೆಟ್ಸ್ಕಿ ಬಹಳ ಮುಂದಿರುವಂತೆ ಕಾಣುತ್ತದೆ.

ಆದರೆ ಮೊದಲ ಋತುವಿನಲ್ಲಿ ಒಂದು ತಂಡ ಪಂದ್ಯವೊಂದಕ್ಕೆ ಹೊಡೆಯುತ್ತಿದ್ದ ಸರಾಸರಿ ಗೋಲುಗಳು ಸುಮಾರು 4.0. ಎರಡನೆಯದರಲ್ಲಿ ಸುಮಾರು 2.7. ಈ ನಡುವೆ ಗೋಲಿಗಳ ರಕ್ಷಾಕವಚ ದೊಡ್ಡದಾಯಿತು, ಮಂಡಿಯೂರಿ ಗೋಲಿನ ಕೆಳಭಾಗವನ್ನು ಮುಚ್ಚುವ ಶೈಲಿ ಬೆಳೆಯಿತು, ರಕ್ಷಣಾ ತಂತ್ರಗಳು ಬಿಗಿಯಾದವು. ಆಟಗಾರನ ಸರಾಸರಿಯನ್ನು ತಂಡದ ಸರಾಸರಿಯಿಂದ ಭಾಗಿಸಿ:

ಗ್ರೆಟ್ಸ್ಕಿ: 1.15 ÷ 4.0 = 0.29
ಒವೆಚ್ಕಿನ್: 0.79 ÷ 2.7 = 0.29

ಇಬ್ಬರೂ ಸರಿಸಮ! ಸಾಮಾನ್ಯ ತಂಡವೊಂದು ಹೊಡೆಯುವ ಗೋಲುಗಳ ಶೇ. 29ಕ್ಕೆ ಸಮನಾದಷ್ಟನ್ನು ಇಬ್ಬರೂ ಒಬ್ಬಂಟಿಯಾಗಿ ಹೊಡೆದಿದ್ದರು.

ಕಾಲೇಜು ಐಸ್ ಹಾಕಿಯಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನ ಫಿಲ್ ಲಾಟ್ರೆಯ್ 1960-61ರಲ್ಲಿ 21 ಪಂದ್ಯಗಳಲ್ಲಿ 80 ಗೋಲು ಹೊಡೆದರು. ಪಂದ್ಯಕ್ಕೆ 3.81! ಹಾಗೆಂದು ಅವರು ಗ್ರೆಟ್ಸ್ಕಿಗಿಂತ ಮೂರು ಪಟ್ಟು ಶ್ರೇಷ್ಠರೆನ್ನಲಾಗದು. ಕಾಲೇಜು ತಂಡಗಳ ನಡುವೆ ಬಲದ ಅಂತರ ವೃತ್ತಿಪರ ಲೀಗಿಗಿಂತ ಬಹಳ ಹೆಚ್ಚು.

ಆಕಸ್ಮಿಕದ ಪಾತ್ರ

ಪಂದ್ಯಗಳು ಕಡಿಮೆಯಾದಷ್ಟೂ ಆಕಸ್ಮಿಕದ ಪಾತ್ರ ಹೆಚ್ಚು. ಪಂದ್ಯಕ್ಕೆ ಸರಾಸರಿ 1 ಗೋಲು ಹೊಡೆಯುವ ಆಟಗಾರ್ತಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಪ್ವಾಸೋನ್ ವಿತರಣೆಯ ಪ್ರಕಾರ ಆಕೆ ಯಾವುದೇ ಒಂದು ಪಂದ್ಯದಲ್ಲಿ ಗೋಲು ಹೊಡೆಯದಿರುವ ಸಂಭವ ಶೇ. 37. ಮೂರು ಅಥವಾ ಹೆಚ್ಚು ಗೋಲು ಹೊಡೆಯುವ ಸಂಭವ ಶೇ. 8. ಆದ್ದರಿಂದ ಒಂದೇ ಪಂದ್ಯ ನೋಡಿ ಆಟಗಾರರನ್ನು ಆರಿಸಿದರೆ ಪ್ರತಿಭೆಯುಳ್ಳ ಮಗುವೊಂದು ಅವಕಾಶ ಕಳೆದುಕೊಳ್ಳಬಹುದು.

ನೀವೇ ಮಾಡಿ ನೋಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕ್ರೀಡಾಕೂಟಗಳಲ್ಲಿ ಫುಟ್‌ಬಾಲ್ ಗೋಲು ಅಥವಾ ಕಬಡ್ಡಿ ಅಂಕಗಳನ್ನು ಪಂದ್ಯವಾರು ಬರೆದಿಡಿ. ಪ್ರತಿ ತಾಲ್ಲೂಕಿನಲ್ಲಿ ತಂಡವೊಂದರ ಸರಾಸರಿ ಕಂಡುಹಿಡಿಯಿರಿ. ಆಟಗಾರನ ಸರಾಸರಿಯನ್ನು ಅದರಿಂದ ಭಾಗಿಸಿ ಹೊಸ ಪಟ್ಟಿ ಮಾಡಿ. ಮೊದಲಿನ ಪಟ್ಟಿಗೂ ಇದಕ್ಕೂ ಕ್ರಮದಲ್ಲಿ ಎಷ್ಟು ವ್ಯತ್ಯಾಸವಿದೆ? ಯಾರು ಮೇಲೇರಿದರು, ಏಕೆ? ತರಗತಿಯಲ್ಲಿ ಚರ್ಚಿಸಿ.