ಭಾರತ ಮತ್ತು ಶ್ರೀಲಂಕೆಗಳ ನಿತ್ಯಬಳಕೆಯ ಗೋರಸಗಳು: ಒಂದು ತೌಲನಿಕ ವಿವೇಚನೆ

ಆಹಾರವಸ್ತುಗಳನ್ನು ದೇಶದಿಂದ ದೇಶಕ್ಕೆ ಹೋಲಿಸಿ ನೋಡುವವರು ಸಾಮಾನ್ಯವಾಗಿ ಬೆಲೆಯ ಪಟ್ಟಿಯಿಂದ ಪ್ರಾರಂಭಿಸುತ್ತಾರೆ. ಇಲ್ಲಿ ಹಾಲಿಗೆ ಇಷ್ಟು, ಅಲ್ಲಿ ಇಷ್ಟು; ಇಲ್ಲಿ ಮೊಸರಿಗೆ ಇಷ್ಟು, ಅಲ್ಲಿ ಇಷ್ಟು ಎಂದು ಎರಡು ಸಾಲು ಅಂಕಿಗಳನ್ನು ಎದುರುಬದುರಾಗಿ ಬರೆದುಬಿಟ್ಟರೆ ತುಲನೆ ಮುಗಿಯಿತೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಇದೆ. ಆದರೆ ಒಂದೇ ಹೆಸರುಳ್ಳ ಎರಡು ವಸ್ತುಗಳು ಒಂದೇ ವಸ್ತುವಾಗಿರಬೇಕೆಂಬ ನಿಯಮವಿಲ್ಲ. ಪಾಕ್ ಜಲಸಂಧಿಯ ಕಿರಿದಾದ ನೀರಿನಿಂದ ಮಾತ್ರ ಬೇರ್ಪಟ್ಟ ಭಾರತ ಮತ್ತು ಶ್ರೀಲಂಕೆಗಳಲ್ಲಿ ಹಾಲು, ಮೊಸರು, ಚಹಾ ಎಂಬ ಮಾತುಗಳು ಸೂಚಿಸುವ ಪದಾರ್ಥಗಳು ಗಮನಾರ್ಹವಾಗಿ ಭಿನ್ನವಾಗಿವೆ. ಈ ಭಿನ್ನತೆ ಎಲ್ಲಿಂದ ಬಂದಿತು, ಅದರ ಪರಿಣಾಮವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

1. ಹೆಸರುಗಳ ವಿಚಾರ

ಪ್ರಾಚೀನ ಪರಂಪರೆ ಎರಡು ದೇಶಗಳಿಗೂ ಸಮಾನವಾದುದು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಂಬ ಐದನ್ನು ಪಾಲಿ ಗ್ರಂಥಗಳು ಖೀರ, ದಧಿ, ತಕ್ಕ, ನವನೀತ, ಸಪ್ಪಿ ಎಂದು ಹೆಸರಿಸುತ್ತವೆ. ಸಿಂಹಳ ಭಾಷೆಯಲ್ಲಿ ಇವಕ್ಕೆ ಒಟ್ಟಾಗಿ 'ಪಸ್ ಗೊರಸ', ಅಂದರೆ ಪಂಚಗೋರಸವೆಂದು ಹೆಸರು. ಹಾಲಿಗೆ ಅಲ್ಲಿ 'ಕಿರಿ' ಎನ್ನುತ್ತಾರೆ. ಅದು ಸಂಸ್ಕೃತದ ಕ್ಷೀರ ಶಬ್ದದ ತದ್ಭವ.

ಆದರೆ ಶಬ್ದ ಒಂದೇ ಮೂಲದ್ದಾದರೂ ಅದರ ವ್ಯಾಪ್ತಿ ಹಿಗ್ಗಿರುವುದನ್ನು ಗಮನಿಸಬೇಕು. ಸಿಂಹಳದಲ್ಲಿ ತೆಂಗಿನಕಾಯಿಯ ಹಾಲೂ 'ಪೊಲ್ ಕಿರಿ'ಯೇ. ಹೊಸವರ್ಷದ ದಿನ ಮನೆಮನೆಯಲ್ಲಿ ಮಾಡುವ 'ಕಿರಿಬತ್' ಹೆಸರಿನಿಂದ ಹಾಲನ್ನವಾದರೂ ಅದು ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಕಾಯಿಹಾಲಿನ ಪಾಯಸ ಅವರಲ್ಲಿಯೂ ಉಂಟು. ಆದರೆ ಶ್ರೀಲಂಕೆಯ ಅಡುಗೆಯಲ್ಲಿ ಕಾಯಿಹಾಲಿನ ಸ್ಥಾನ ಇನ್ನೂ ದೊಡ್ಡದು. ನಮ್ಮ ಒಳನಾಡಿನಲ್ಲಿ ಹಾಲು, ಬೆಣ್ಣೆ, ತುಪ್ಪಗಳು ಅಡುಗೆಗೆ ಕೊಡುವ ಜಿಡ್ಡನ್ನೂ ರುಚಿಯನ್ನೂ ಅಲ್ಲಿ ಬಹುಮಟ್ಟಿಗೆ ತೆಂಗೇ ಒದಗಿಸುತ್ತದೆ. ಆದ್ದರಿಂದ ಪ್ರಾಣಿಜನ್ಯವಾದ ಹಾಲು ನಿತ್ಯದ ಬಳಕೆಯಲ್ಲಿ ಮುಖ್ಯವಾಗಿ ಎರಡೇ ಕಡೆ ಕಾಣಿಸಿಕೊಳ್ಳುತ್ತದೆ: ಚಹಾದ ಬಟ್ಟಲಿನಲ್ಲಿ ಮತ್ತು ಮೊಸರಿನ ಗಡಿಗೆಯಲ್ಲಿ.

2. ಮೊಸರು

ಕರ್ನಾಟಕದಲ್ಲಿ ಮೊಸರೆಂದರೆ ಊಟದ ಅಂಗ. ಅನ್ನದೊಡನೆ ಕಲಸಿ, ಉಪ್ಪು ಉಪ್ಪಿನಕಾಯಿಗಳೊಡನೆ ಉಣ್ಣತಕ್ಕದ್ದು; ಉಳಿದುದು ಮಜ್ಜಿಗೆಯಾಗುತ್ತದೆ. ಹಸುವಿನ ಹಾಲಾಗಲಿ, ಎಮ್ಮೆಯ ಹಾಲಾಗಲಿ, ಎರಡೂ ಬೆರೆತ ಹಾಲಾಗಲಿ, ಹೆಪ್ಪು ಹಾಕಿದರೆ ಮೊಸರೇ. ಶ್ರೀಲಂಕೆಯಲ್ಲಿ ಹೀಗಿಲ್ಲ. ಅಲ್ಲಿ 'ಕರ್ಡ್' ಎಂದು ಕೇಳಿದವನಿಗೆ ಸಾಮಾನ್ಯವಾಗಿ ದೊರೆಯುವುದು 'ಮೀಕಿರಿ', ಅಂದರೆ ಎಮ್ಮೆಯ ಹಾಲಿನ ಗಟ್ಟಿ ಮೊಸರು. ಮಣ್ಣಿನ ಗಡಿಗೆಯಲ್ಲಿಯೇ ಹೆಪ್ಪುಗಟ್ಟಿಸಿ ಗಡಿಗೆಯ ಸಮೇತ ಮಾರುತ್ತಾರೆ. ಅದನ್ನು ಹೆಚ್ಚಾಗಿ ಊಟದ ಕೊನೆಗೆ ಸಿಹಿತಿಂಡಿಯಾಗಿ, ಕಿತುಲ್ ಮರದ ರಸವನ್ನು ಕಾಯಿಸಿ ಮಾಡಿದ ಜೋನಿಬೆಲ್ಲವನ್ನು ಸುರಿದುಕೊಂಡು ತಿನ್ನುತ್ತಾರೆ. ಈ ಕಿತುಲ್ ನಮ್ಮ ಮಲೆನಾಡಿನ ಬಗನಿ ಮರವೇ. ಹಸುವಿನ ಹಾಲಿನಿಂದ ಮಾಡಿ, ಸಕ್ಕರೆ ಸೇರಿಸಿ, ಸಣ್ಣ ಬಟ್ಟಲುಗಳಲ್ಲಿ ಗಟ್ಟಿಗೊಳಿಸಿ ಮಾರುವ ಪದಾರ್ಥಕ್ಕೆ ಅಲ್ಲಿ 'ಯೋಗರ್ಟ್' ಎಂದು ಬೇರೆ ಹೆಸರು.

ಮೀಕಿರಿ ಅಷ್ಟು ಗಟ್ಟಿಯಾಗಲು ಕಾರಣಗಳು ಎರಡು. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲತೆ ಹೆಚ್ಚಿ ಪಿಎಚ್ ಸುಮಾರು 4.6ಕ್ಕೆ ಇಳಿದಾಗ ಕೇಸೀನ್ ಎಂಬ ಪ್ರೋಟೀನು ಕೂಡಿಕೊಂಡು ಜಾಲದಂತಾಗಿ ನೀರನ್ನೂ ಜಿಡ್ಡನ್ನೂ ಹಿಡಿದಿಡುತ್ತದೆ. ಹಸುವಿನ ಹಾಲಿನಲ್ಲಿ ಘನಾಂಶ ಒಟ್ಟು ಸೇಕಡ 12ರಿಂದ 13ರಷ್ಟಿದ್ದರೆ ಎಮ್ಮೆಯ ಹಾಲಿನಲ್ಲಿ ಅದು ಸುಮಾರು 16. ಕೇಸೀನೂ ಸುಣ್ಣದಂಶವೂ ಹೆಚ್ಚು, ಜಿಡ್ಡಂತೂ ಸೇಕಡ 7ರ ಆಸುಪಾಸು. ಆದ್ದರಿಂದ ಜಾಲ ಒತ್ತಾಗಿ ಬಿಗಿಯಾಗುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು ಗಡಿಗೆ. ಬಳಪು ಬಳಿಯದ ಮಣ್ಣಿನ ಗೋಡೆ ಮೊಸರಿನ ತಿಳಿಯನ್ನು ಹೀರಿ ಹೊರಮೈಯಿಂದ ಆವಿಯಾಗಿ ಬಿಡುತ್ತದೆ. ಇದರಿಂದ ಮೊಸರಿನ ನೀರು ತಗ್ಗುವುದಲ್ಲದೆ ಗಡಿಗೆ ತಂಪಾಗಿಯೂ ಇದ್ದು ಹುಳಿ ಬೇಗನೆ ಏರುವುದಿಲ್ಲ.

ಈ ಮೊಸರಿಗೆ ಹೆಸರಾದುದು ದ್ವೀಪದ ಆಗ್ನೇಯದ ಒಣ ಸೀಮೆ, ಅದರಲ್ಲಿಯೂ ಹಂಬನ್‌ತೋಟ ಜಿಲ್ಲೆ. ಹಿಂದಿನ ಅರಸರು ಕಟ್ಟಿಸಿದ ಕೆರೆಗಳು ಅಲ್ಲಿ ಬಹಳ. ಎಮ್ಮೆಗಳು ಹೊರಳಾಡಲು ನೀರು ಬೇಕಷ್ಟೆ. ಗದ್ದೆಯ ಕೆಸರು ತುಳಿಸುವುದಕ್ಕೂ ಬತ್ತ ಒಕ್ಕುವುದಕ್ಕೂ ಸಾಕಿದ ಎಮ್ಮೆಗಳೇ ಹಾಲನ್ನೂ ಕೊಡುತ್ತಿದ್ದುವು. ಟ್ರಾಕ್ಟರು ಬಂದ ಮೇಲೆ ಆ ಕೆಲಸ ತಪ್ಪಿತು. ಗದ್ದೆಯ ಉಪಯೋಗವಿಲ್ಲದ ಮೇಲೆ ಎಮ್ಮೆಯನ್ನು ಸಾಕುವ ಖರ್ಚನ್ನೆಲ್ಲ ಹಾಲೊಂದೇ ಹೊರಬೇಕಾಗುತ್ತದೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಲಕ್ಷಿಸಬೇಕು.

ಹೆಸರಿನ ಪ್ರಶ್ನೆ ನಮ್ಮಲ್ಲಿಯೂ ಕೇವಲ ಪಾಂಡಿತ್ಯದ ವಿಷಯವಲ್ಲ. 2023ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಮೊಸರಿನ ಪೊಟ್ಟಣಗಳ ಮೇಲೆ 'ದಹಿ' ಎಂಬ ಹೆಸರನ್ನೇ ಮುಖ್ಯವಾಗಿ ಅಚ್ಚುಹಾಕಬೇಕೆಂದಾಗ ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ವಿರೋಧ ಹುಟ್ಟಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಪ್ರಾಧಿಕಾರವು ಆಜ್ಞೆಯನ್ನು ತಿದ್ದಿ, 'ಕರ್ಡ್' ಎಂಬ ಮಾತಿನ ಜೊತೆಗೆ ಕಂಸದಲ್ಲಿ ಮೊಸರು ಮೊದಲಾದ ಆಯಾ ಪ್ರದೇಶದ ಹೆಸರನ್ನು ಬಳಸಬಹುದೆಂದು ಒಪ್ಪಿತು.

3. ಹಾಲು ಮತ್ತು ಹಾಲಿನ ಪುಡಿ

ಎರಡು ದೇಶಗಳ ನಡುವಣ ಮುಖ್ಯ ವ್ಯತ್ಯಾಸವಿರುವುದು ಇಲ್ಲಿ. ನಮ್ಮ ಪಟ್ಟಣಗಳಲ್ಲಿ ಬೆಳಗ್ಗೆ ಹಾಲಿನ ಪೊಟ್ಟಣ ಬರುತ್ತದೆ. ಅದನ್ನು ಕಾಯಿಸಿ ಕಾಫಿ ಚಹಾಗಳಿಗೆ ಬೆರೆಸುತ್ತೇವೆ. ಶ್ರೀಲಂಕೆಯ ಬಹುಪಾಲು ಪಟ್ಟಣಿಗರ ಮನೆಯಲ್ಲಿ ಹಾಲೆಂದರೆ ಪುಡಿ. 'ಕಿರಿ ತೇ' ಎಂಬ ಹಾಲಿನ ಚಹಾಕ್ಕೆ ಪುಡಿಯನ್ನೇ ಕದಡುತ್ತಾರೆ. ಹಾಲಿಲ್ಲದ ಕರಿಯ ಚಹಾಕ್ಕೆ 'ಪ್ಲೇನ್ ಟೀ' ಎಂದು ಹೆಸರು. ಈ ಪುಡಿಯ ಹೆಚ್ಚಿನ ಪಾಲು ವಿದೇಶದಿಂದ, ಮುಖ್ಯವಾಗಿ ನ್ಯೂಜಿಲೆಂಡಿನಿಂದ ಬರುತ್ತದೆ. ದೇಶದೊಳಗೆ ಕರೆಯುವ ಹಾಲು ಒಟ್ಟು ಅವಶ್ಯಕತೆಯ ಅರ್ಧಕ್ಕಿಂತ ಕಡಿಮೆ.

ಇದನ್ನು ಕೇಳಿದೊಡನೆ ನಮ್ಮದು ತಾಜಾ ಹಾಲು, ಅವರದು ಪುಡಿಯ ಹಾಲು ಎಂದು ತೀರ್ಮಾನಿಸುವುದು ಸುಲಭ. ಆದರೆ ಆ ತೀರ್ಮಾನ ಪೂರ್ಣವಾಗಿ ನಿಲ್ಲುವುದಿಲ್ಲ. ನಮ್ಮಲ್ಲಿ ಬಹಳ ಮಾರಾಟವಾಗುವ 'ಟೋನ್ಡ್' ಹಾಲಿನ ಹುಟ್ಟನ್ನೇ ನೋಡೋಣ. 1940ರ ದಶಕದಲ್ಲಿ ಮುಂಬಯಿಯ ದಾರಾ ಖುರೋಡಿಯವರು ರೂಢಿಗೆ ತಂದ ಈ ವಿಧಾನದ ತತ್ತ್ವವಿಷ್ಟು: ಎಮ್ಮೆಯ ಹಾಲಿನಲ್ಲಿ ಜಿಡ್ಡು ಅಧಿಕ, ಬೆಲೆಯೂ ಅಧಿಕ, ಅದಕ್ಕೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೇರಿಸಿದರೆ ಜಿಡ್ಡು ತಗ್ಗಿ, ಪ್ರೋಟೀನು ಕುಗ್ಗದೆ, ಹಾಲಿನ ಮೊತ್ತ ಹೆಚ್ಚುತ್ತದೆ. ಟೋನ್ಡ್ ಹಾಲಿನಲ್ಲಿ ಜಿಡ್ಡು ಸೇಕಡ 3, ಜಿಡ್ಡಲ್ಲದ ಘನಾಂಶ ಸೇಕಡ 8.5 ಇರಬೇಕೆಂಬುದು ಭಾರತದ ನಿಯಮ. ಸೇಕಡ 7 ಜಿಡ್ಡು ಮತ್ತು 9 ಇತರ ಘನಾಂಶಗಳಿರುವ 100 ಕಿಲೋ ಎಮ್ಮೆಯ ಹಾಲಿಗೆ ಸುಮಾರು 122 ಕಿಲೋ ನೀರನ್ನೂ 11 ಕಿಲೋ ಪುಡಿಯನ್ನೂ ಕೂಡಿಸಿದರೆ ಈ ಪ್ರಮಾಣದ 233 ಕಿಲೋ ಹಾಲು ಸಿದ್ಧವಾಗುತ್ತದೆ. ಈಗಲೂ ಹಾಲು ಸಮೃದ್ಧವಾಗಿರುವ ತಿಂಗಳುಗಳಲ್ಲಿ ಪುಡಿ ಮಾಡಿಟ್ಟು, ಬೇಸಗೆಯ ಕೊರತೆಯಲ್ಲಿ ಅದನ್ನು ಕರಗಿಸಿ ಬಳಸುವ ಪದ್ಧತಿಯುಂಟು. ಹೀಗಿರಲು ಪುಡಿ ಎಂಬುದು ನಮಗೇನೂ ಅಪರಿಚಿತವಲ್ಲ. ಬೇರೆಯಾಗಿರುವುದು ಅದು ಬರುವ ದಾರಿ.

ಆ ದಾರಿಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಎಮ್ಮೆಯ ಹಾಲನ್ನು ಸಿಂಪಡಿಸಿ ಒಣಗಿಸಲಾಗದೆಂದು ಪಾಶ್ಚಾತ್ಯ ತಜ್ಞರು ನಂಬಿದ್ದ ಕಾಲದಲ್ಲಿ ಎಚ್. ಎಂ. ದಲಾಯಾ ಅವರ ಪ್ರಯತ್ನದಿಂದ ಗುಜರಾತಿನ ಆನಂದದಲ್ಲಿ ಅದು ಸಾಧ್ಯವಾಯಿತು. ಅಲ್ಲಿನ ಕಾರ್ಖಾನೆ 1955ರಲ್ಲಿ ಪ್ರಾರಂಭವಾಯಿತು. 1970ರಲ್ಲಿ ಮೊದಲಾದ 'ಆಪರೇಷನ್ ಫ್ಲಡ್' ಯೋಜನೆಗೆ ಯೂರೋಪಿನಿಂದ ಪುಡಿಯೂ ಬೆಣ್ಣೆಯೆಣ್ಣೆಯೂ ದಾನವಾಗಿ ಬಂದುವು. ಅವನ್ನು ಪುಕ್ಕಟೆಯಾಗಿ ಹಂಚದೆ, ಹಾಲಾಗಿ ಮಾರಿ, ಬಂದ ಹಣವನ್ನು ಹಳ್ಳಿಗಳ ಸಹಕಾರ ಸಂಘಗಳಿಗೂ ಶೀತಲೀಕರಣ ಕೇಂದ್ರಗಳಿಗೂ ತೊಡಗಿಸಿದರು. ಕರ್ನಾಟಕದಲ್ಲಿ 1974ರಲ್ಲಿ ಹೈನುಗಾರಿಕೆಯ ಅಭಿವೃದ್ಧಿಗೆ ನಿಗಮವೊಂದು ಸ್ಥಾಪಿತವಾಗಿ, 1984ರಲ್ಲಿ ಹಾಲು ಮಹಾಮಂಡಳವಾಯಿತು. ಪರದೇಶದ ಪುಡಿ ಇಲ್ಲಿ ಬಂಡವಾಳವಾಯಿತು. ಅದರ ಬಲದಿಂದ ಬೆಳೆದ ದೇಶೀಯ ಹಾಲು ಕ್ರಮೇಣ ಅದನ್ನು ಹೊರಗೆ ತಳ್ಳಿತು.

ಶ್ರೀಲಂಕೆಯಲ್ಲಿ ಪುಡಿ ನೇರವಾಗಿ ಬಟ್ಟಲಿಗೇ ಇಳಿಯಿತು. 1977ರ ನಂತರ ಆಮದಿನ ಬಾಗಿಲು ತೆರೆದುದರಿಂದ ಹುಲ್ಲುಗಾವಲಿನ ನಾಡಿನ ಅಗ್ಗದ ಪುಡಿಯೊಡನೆ ಸ್ಥಳೀಯ ಹಾಲು ಸ್ಪರ್ಧಿಸಬೇಕಾಯಿತು. ಪುಡಿಯ ಅನುಕೂಲಗಳೂ ನಿಜವಾದವೇ. ಅದಕ್ಕೆ ಶೀತಪೆಟ್ಟಿಗೆ ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ, ಬೇಕಾದಾಗ ಒಂದು ಚಮಚ ಸಾಕು. ಒಂದು ಬಟ್ಟಲು ಚಹಾಕ್ಕಷ್ಟೇ ಹಾಲು ಬೇಕಾದ ಸಂಸಾರಕ್ಕೆ ಅದೇ ಮಿತವ್ಯಯದ ಮಾರ್ಗ. ಜನರ ಅಭ್ಯಾಸವನ್ನು ಇಲ್ಲಿ ದೂಷಿಸುವುದು ನಮ್ಮ ಅಭಿಪ್ರಾಯವಲ್ಲ.

4. ಅವಲಂಬನದ ಬೆಲೆ

ಆದರೆ ಈ ಮಾರ್ಗದಲ್ಲಿ ಹಾಲಿನ ಬೆಲೆ ವಿದೇಶೀ ವಿನಿಮಯದೊಡನೆ ಕಟ್ಟಿಹಾಕಿಕೊಳ್ಳುತ್ತದೆ. 2021–22ರಲ್ಲಿ ಶ್ರೀಲಂಕೆಯ ವಿದೇಶೀ ವಿನಿಮಯ ಬರಿದಾದಾಗ ಇದು ಎಲ್ಲರ ಅನುಭವಕ್ಕೆ ಬಂತು. ಪುಡಿಯ ಪೊಟ್ಟಣಕ್ಕಾಗಿ ಅಂಗಡಿಗಳ ಮುಂದೆ ಸಾಲುಗಳು ನಿಂತುವು. 2022ರ ಮಾರ್ಚ್‌ನಲ್ಲಿ 400 ಗ್ರಾಮಿನ ಪೊಟ್ಟಣದ ಬೆಲೆ ಒಮ್ಮೆಗೇ 250 ರೂಪಾಯಿ ಏರಿ 790 ಶ್ರೀಲಂಕಾ ರೂಪಾಯಿಗಳಾಯಿತು; ಉಪಾಹಾರಗೃಹಗಳಲ್ಲಿ ಒಂದು ಬಟ್ಟಲು ಹಾಲಿನ ಚಹಾ 100 ರೂಪಾಯಿಗೆ ಮುಟ್ಟಿತು.

ಈ ಅಂಕಿಯನ್ನು ಹಾಲಿಗೆ ಪರಿವರ್ತಿಸಿ ನೋಡುವುದು ಉಚಿತ. ಒಂದು ಲೀಟರು ಹಾಲಾಗಲು ಸುಮಾರು 125 ಗ್ರಾಂ ಪುಡಿ ಬೇಕು. ಆದ್ದರಿಂದ 400 ಗ್ರಾಂ ಪುಡಿಯಿಂದ 3.2 ಲೀಟರು. 790ನ್ನು 3.2ರಿಂದ ಭಾಗಿಸಿದರೆ ಲೀಟರಿಗೆ ಸುಮಾರು 247 ಶ್ರೀಲಂಕಾ ರೂಪಾಯಿ. ಪೊಟ್ಟಣದ ಬೆಲೆಯನ್ನು ಮಾತ್ರ ನೋಡಿದವನಿಗೆ ಈ ದರ ಕಾಣಿಸುವುದಿಲ್ಲ. ಹಾಲಿಗೆ ಪರ್ಯಾಯವಿಲ್ಲದ ಮಗುವಿನ ತಾಯಿಗೂ, ಕರಿಯ ಚಹಾದಿಂದ ತೃಪ್ತನಾಗಬಲ್ಲ ವಯಸ್ಕನಿಗೂ ಇಂತಹ ಏರಿಕೆ ಒಂದೇ ತೂಕದ್ದಲ್ಲವೆಂಬುದನ್ನೂ ಮರೆಯಬಾರದು. ಅದೇ ಕಾಲದಲ್ಲಿ ಒಣಸೀಮೆಯ ಎಮ್ಮೆ ಹಡಗಿಗಾಗಿ ಕಾಯಬೇಕಾಗಿರಲಿಲ್ಲ. ಆದರೆ ಅದರ ಹಾಲು ಮೊಸರಿನ ಗಡಿಗೆಗೆ ಮೀಸಲಾಗಿತ್ತೇ ಹೊರತು ಪಟ್ಟಣದ ಚಹಾವನ್ನು ಮುಟ್ಟುವ ವ್ಯವಸ್ಥೆ ಬೆಳೆದಿರಲಿಲ್ಲ.

5. ಉಪಸಂಹಾರ

ಇಷ್ಟರಿಂದ ತುಲನೆಯ ವಿಧಾನದ ಬಗ್ಗೆ ಮೂರು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಹೆಸರನ್ನಲ್ಲ, ವಸ್ತುವನ್ನು ಹೋಲಿಸಬೇಕು. ನಮ್ಮ ಮೊಸರಿಗೆ ಸಮನಾದುದು ಅಲ್ಲಿನ ಮೀಕಿರಿಯೂ ಅಲ್ಲ, ಯೋಗರ್ಟೂ ಅಲ್ಲ. ಎರಡನೆಯದಾಗಿ, ಬೆಲೆಯನ್ನು ಪೊಟ್ಟಣಕ್ಕಲ್ಲದೆ ಘನಾಂಶಕ್ಕೆ ಲೆಕ್ಕ ಹಾಕಬೇಕು. ಟೋನ್ಡ್ ಹಾಲಿನ ಕಿಲೋ ಒಂದರಲ್ಲಿ 115 ಗ್ರಾಂ ಘನಾಂಶವಿದ್ದರೆ ಅದೇ ತೂಕದ ಎಮ್ಮೆಯ ಹಾಲಿನಲ್ಲಿ 160 ಗ್ರಾಂ. ಮೂರನೆಯದಾಗಿ, ಆ ಪದಾರ್ಥ ಎಲ್ಲಿಂದ, ಯಾರ ಕೈಗಳ ಮೂಲಕ ಬಂದಿತೆಂಬುದನ್ನು ವಿಚಾರಿಸಬೇಕು. ಸಮೃದ್ಧಿಯ ಕಾಲದಲ್ಲಿ ಎರಡು ದೇಶಗಳ ಚಹಾದ ಬಟ್ಟಲುಗಳು ಒಂದೇ ಬಗೆಯಾಗಿ ತೋರುತ್ತವೆ. ಅವುಗಳ ಭೇದ ತಿಳಿಯುವುದು ಅಭಾವದ ಕಾಲದಲ್ಲಿ.

ಕಾಲೇಜುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಊರಿನಲ್ಲಿ ದೊರೆಯುವ ನಾಲ್ಕೈದು ಬಗೆಯ ಹಾಲುಗಳ ಪೊಟ್ಟಣಗಳ ಮೇಲೆ ಅಚ್ಚಾಗಿರುವ ಜಿಡ್ಡು ಮತ್ತು ಇತರ ಘನಾಂಶಗಳನ್ನು ಕೂಡಿಸಿ, 100 ಗ್ರಾಂ ಘನಾಂಶಕ್ಕೆ ಬೀಳುವ ಬೆಲೆಯನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಅಗ್ಗವೆನಿಸಿದ ಪೊಟ್ಟಣ ನಿಜವಾಗಿ ಅಗ್ಗವೇ ಎಂಬ ಪ್ರಶ್ನೆಗೆ ಉತ್ತರವನ್ನು ಅವರು ತಾವೇ ಕಂಡುಕೊಳ್ಳುವರು.