ಮಣೆ ಅವರದು, ಕಾಯಿ ನಮ್ಮದು: ಆಟ ಯಾರದು?

ಚೌಕಾಬಾರ ಆಡಿದ್ದೀರಲ್ಲ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಕವಡೆ ಹಾಕಿದರೆ ಆಟ ಶುರು. ಯಾರೂ ಬಂದು ‘ಇವತ್ತಿಂದ ಈ ಆಟ ಬಂದ್’ ಅನ್ನೋ ಹಾಗಿಲ್ಲ. ಆದ್ರೆ ಇವತ್ತು ನಿಮ್ಮ ಮಗ ಕಂಪ್ಯೂಟರಿನಲ್ಲಿ ಆಡ್ತಾನಲ್ಲ ಆನ್‌ಲೈನ್ ಆಟ, ಅದು ಹಾಗಲ್ಲ. ಕಾಯಿ ನಡೆಸೋದು ನಿಮ್ಮ ಮನೇಲಿ, ಮಣೆ ಇರೋದು ಕಂಪನಿ ಮನೇಲಿ. ಆ ಮಣೆಗೆ ಸರ್ವರ್ ಅಂತಾರೆ.

ಈ ಮಣೆಯನ್ನೇ ನಕಲು ಮಾಡಿ ಬೇರೆ ಯಾರೋ ತಮ್ಮ ಮನೆಯಲ್ಲಿ ಇಟ್ಟುಕೊಂಡರೆ? ಅದೇ ಪ್ರೈವೇಟ್ ಸರ್ವರ್. ಕಂಪನಿಯ ಆಟವೇ, ಆದರೆ ಕಂಪನಿಯ ಬಾಗಿಲಿಗೆ ಹೋಗೋದಿಲ್ಲ. ಕಂಪನಿಯ ಪಾಸ್‌ವರ್ಡ್ ತಪಾಸಣೆ ಇಲ್ಲ, ಕಂಪನಿಗೆ ತಿಂಗಳ ಚಂದಾ ಇಲ್ಲ.

ಕಂಪನಿ ಸುಮ್ಮನಿರುತ್ತಾ? ಇರಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅನ್ನೋ ಆಟವನ್ನು 2004ರಲ್ಲಿ ತಂದ ಅಮೆರಿಕದ ಬ್ಲಿಝಾರ್ಡ್ ಕಂಪನಿಯ ಕಥೆ ನೋಡಿ. ‘ಸ್ಕೇಪ್‌ಗೇಮಿಂಗ್’ ಹೆಸರಿನ ಪ್ರೈವೇಟ್ ಸರ್ವರ್ ನಡೆಸುತ್ತಿದ್ದವರ ಮೇಲೆ ಅದು ಕೇಸ್ ಹಾಕಿತು. ಎದುರು ಪಕ್ಷದವರು ಕೋರ್ಟಿಗೆ ಉತ್ತರವನ್ನೇ ಕೊಡಲಿಲ್ಲ. 2010ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು. ದಂಡ ಎಷ್ಟು ಗೊತ್ತಾ? 8 ಕೋಟಿ 85 ಲಕ್ಷ ಡಾಲರ್‌ಗೂ ಹೆಚ್ಚು. ಆಗಿನ ಲೆಕ್ಕದಲ್ಲಿ ಸುಮಾರು 400 ಕೋಟಿ ರೂಪಾಯಿ!

ಈ ಸರ್ವರ್‌ಗೆ ಬಂದ ದುಡ್ಡು ಸುಮಾರು 30 ಲಕ್ಷ ಡಾಲರ್. ಹಾಗಿದ್ರೆ ದಂಡ ಇಷ್ಟೊಂದು ಯಾಕೆ? ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾನೂನು ಹೇಳೋದು ಇಷ್ಟು: ಕಂಪನಿ ಹಾಕಿದ ಬೀಗವನ್ನು ಮುರಿದರೆ, ಮುರಿದ ಒಂದೊಂದು ಸಲಕ್ಕೂ ಕನಿಷ್ಠ 200 ಡಾಲರ್. ಅಲ್ಲಿ ಆಡುತ್ತಿದ್ದವರು 4,27,393 ಮಂದಿ. ಗುಣಿಸಿ ನೋಡಿ. ದಂಡದ ಬಹುಪಾಲು ಆ ಲೆಕ್ಕದಿಂದಲೇ ಬಂದದ್ದು.

‘ನಾವು ದುಡ್ಡೇ ತಗೊಂಡಿಲ್ಲ, ಸೇವೆ ಮಾಡ್ತಿದ್ದೀವಿ’ ಅಂದ್ರೆ ಬಿಡ್ತಾರಾ? ಅದೂ ನಡೆಯಲಿಲ್ಲ. ಇದೇ ಕಂಪನಿಯ ಆಟಗಳಿಗಾಗಿ ಕೆಲವು ಹವ್ಯಾಸಿಗಳು ‘ಬಿನೆಟ್‌ಡಿ’ ಅನ್ನೋ ಉಚಿತ ಸರ್ವರ್ ತಂತ್ರಾಂಶ ಬರೆದಿದ್ದರು. 2005ರಲ್ಲಿ ಅವರೂ ಮೇಲ್ಮನವಿ ಕೋರ್ಟಿನಲ್ಲಿ ಸೋತರು. ಕದ್ದ ಪ್ರತಿ ಇಟ್ಟುಕೊಂಡವರೂ ಅಲ್ಲಿ ಆಡಬಹುದಿತ್ತು, ಅದೇ ಮುಳುವಾಯಿತು.

ಇಲ್ಲಿವರೆಗೂ ಕಥೆ ಸರಳ. ಕದ್ದವರು ಸಿಕ್ಕಿಬಿದ್ರು, ಅಷ್ಟೇ. ಆದ್ರೆ ತಡೀರಿ, ಇನ್ನೊಂದು ಮುಖ ಇದೆ.

2010ರ ಕೊನೆಯಲ್ಲಿ ಬ್ಲಿಝಾರ್ಡ್ ತನ್ನ ಆಟದ ಹಳೆಯ ಲೋಕವನ್ನೇ ಬದಲಾಯಿಸಿಬಿಟ್ಟಿತು. ಹಳೇ ಆಟ ಬೇಕು ಅಂದವರಿಗೆ ದುಡ್ಡು ಕೊಟ್ಟರೂ ಸಿಗಲಿಲ್ಲ. ಆಗ ಫ್ರಾನ್ಸಿನ ಕೆಲವು ಅಭಿಮಾನಿಗಳು ‘ನೊಸ್ಟಾಲ್ರಿಯಸ್’ ಹೆಸರಲ್ಲಿ ಹಳೇ ಆಟವನ್ನು ಮತ್ತೆ ಕಟ್ಟಿದರು. ಒಂದೂವರೆ ಲಕ್ಷ ಜನ ಅಲ್ಲಿ ಆಡುತ್ತಿದ್ದರು. ವಕೀಲರ ನೋಟಿಸ್ ಬಂತು, 2016ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು. ಆಟಗಾರರು ಸುಮ್ಮನಾಗಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕೊನೆಗೆ ಕಂಪನಿ ಏನು ಮಾಡ್ತು? 2019ರ ಆಗಸ್ಟ್‌ನಲ್ಲಿ ತಾನೇ ಆ ಹಳೇ ಆಟವನ್ನು ‘ಕ್ಲಾಸಿಕ್’ ಹೆಸರಲ್ಲಿ ಮಾರುಕಟ್ಟೆಗೆ ತಂತು! ಅಂದ್ರೆ ಮುಚ್ಚಿಸಿದ ಅಂಗಡಿಯ ಗಿರಾಕಿಗಳು ನಿಜವಾದ ಗಿರಾಕಿಗಳೇ ಆಗಿದ್ದರು.

ಹಾಗಂತ ಕಂಪನಿ ಮೆತ್ತಗಾಯ್ತಾ? ಇಲ್ಲ. 2025ರ ಆಗಸ್ಟ್‌ನಲ್ಲಿ ‘ಟರ್ಟಲ್ ವಾವ್’ ಎಂಬ ಮತ್ತೊಂದು ಸರ್ವರ್ ಮೇಲೆ ಅದೇ ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಹಾಕಿತು.

ಎಲ್ಲರೂ ಹೀಗೇ ಇಲ್ಲ. ಕೊರಿಯಾದ ಎನ್‌ಸಿಸಾಫ್ಟ್ ಕಂಪನಿ ‘ಸಿಟಿ ಆಫ್ ಹೀರೋಸ್’ ಆಟವನ್ನು 2012ರಲ್ಲಿ ನಿಲ್ಲಿಸಿತ್ತು. ಅಭಿಮಾನಿಗಳು ಅದನ್ನು ಜೀವಂತ ಇಟ್ಟರು. 2024ರ ಜನವರಿಯಲ್ಲಿ ಆ ಅಭಿಮಾನಿಗಳ ಸರ್ವರ್‌ಗೇ ಕಂಪನಿ ಅಧಿಕೃತ ಪರವಾನಗಿ ಕೊಟ್ಟಿತು. ಕೋರ್ಟು ಕಚೇರಿ ಇಲ್ಲದೆ ಮುಗೀತು.

ನಮ್ಮ ದೇಶದ ಕಾನೂನು? 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಗೊತ್ತಿದ್ದೂ ಉಲ್ಲಂಘಿಸಿದರೆ 3 ವರ್ಷದವರೆಗೆ ಜೈಲು. 2012ರ ತಿದ್ದುಪಡಿಯ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೂ 2 ವರ್ಷದವರೆಗೆ ಜೈಲು. ಆದ್ದರಿಂದ ಪೋಷಕರೇ, ಮಗ ‘ಫ್ರೀ ಸರ್ವರ್’ ಅಂದಾಗ ಒಂದು ಸಲ ಕೇಳಿ: ಅದನ್ನು ಯಾರು ನಡೆಸ್ತಿದ್ದಾರೆ? ಡೌನ್‌ಲೋಡ್ ಜೊತೆ ವೈರಸ್ ಬಂದರೆ, ಕೊಟ್ಟ ಪಾಸ್‌ವರ್ಡ್ ಸೋರಿದರೆ, ‘ದೇಣಿಗೆ’ ಮುಳುಗಿದರೆ ಯಾರನ್ನು ಹಿಡಿಯೋದು?

ಆದರೆ ಪ್ರಶ್ನೆ ಕಂಪನಿಗೂ ಇದೆ. ‘ದಿ ಕ್ರೂ’ ಅನ್ನೋ ಕಾರ್ ರೇಸ್ ಆಟದ ಸರ್ವರ್‌ಗಳನ್ನು 2024ರಲ್ಲಿ ಯೂಬಿಸಾಫ್ಟ್ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ. ಆ ಸಿಟ್ಟೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆಯ್ತು. 2025ರಲ್ಲಿ ಯುರೋಪಿನಲ್ಲಿ ಅದಕ್ಕೆ ಬಿದ್ದ ಸಹಿ 10 ಲಕ್ಷ ದಾಟಿತು.

ನಡೀತಿರೋ ಅಂಗಡಿಯ ಮಾಲು ಕದಿಯೋದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಂಗಡಿಗೆ ಬೀಗ ಹಾಕಿ ಹೋದ ಮಾಲೀಕ, ‘ನಾನೂ ಮಾರಲ್ಲ, ನೀವೂ ಆಡಬೇಡಿ’ ಅಂದ್ರೆ ಅದು ಯಾವ ನ್ಯಾಯ? ಕಾನೂನು ಇವೆರಡರ ನಡುವಿನ ವ್ಯತ್ಯಾಸ ಕಲಿಯಬೇಕು. ಅಲ್ಲಿವರೆಗೂ ಒಂದು ಮಾತು ನೆನಪಿರಲಿ: ಆನ್‌ಲೈನ್ ಆಟದಲ್ಲಿ ನೀವು ಕೊಳ್ಳೋದು ಮಣೆಯನ್ನಲ್ಲ. ಅವರ ಮನೆಯಲ್ಲಿ ಕೂತು ಆಡೋಕೆ ಒಂದು ಅನುಮತಿ, ಅಷ್ಟೇ.